ತಕ್ಕಡಿ ಸಾಹೇಬರ ಗಾಡಿ ಪರೀಕ್ಷೆ

ಎಲ್ಲ ಶುರುವಾದದ್ದು ಒಂದು ಚೀಟಿಯಿಂದ. ಪೇಟೆಯ ಬೇಕರಿಯಿಂದ ವಾಪಸು ಬಂದ ಖಾಲಿ ಮೊಟ್ಟೆ ಟ್ರೇಗಳ ನಡುವೆ ಅದು ಅಂಟಿಕೊಂಡಿತ್ತು. ಅಂಟಿಸಿದ್ದು ಗೋಂದಿನಿಂದಲ್ಲ, ಒಡೆದ ಮೊಟ್ಟೆಯ ಲೋಳೆಯಿಂದ. 'ನಾನು ಕೇಳಿದ್ದು ಮೊಟ್ಟೆ. ನೀವು ಕಳಿಸುತ್ತಿರುವುದು ಆಮ್ಲೆಟ್ಟಿಗೆ ಕಲಸಿದ್ದು. ಮುಂದಿನ ಶನಿವಾರ ಸಂಜೆಯ ಲೋಡಿನಲ್ಲಿ ಟ್ರೇಗೆ ಎರಡಕ್ಕಿಂತ ಹೆಚ್ಚು ಒಡೆದಿದ್ದರೆ ಭಾನುವಾರದಿಂದ ಬೇರೆಯವರ ಹತ್ತಿರ ತೆಗೆದುಕೊಳ್ಳುತ್ತೇನೆ' ಎಂದು ಬೇಕರಿಯ ಯಜಮಾನಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು.

ಚೀಟಿ ಬಿಡಿಸಿ ಓದಿದ್ದು ಫಾರಂನ ಒಡತಿ ಅಕ್ಕ. ಗುಡ್ಡದ ಮೇಲಿನ ಆ ಕೋಳಿ ಫಾರಂನಲ್ಲಿ ನಾನೂರು ಕೋಳಿಗಳಿದ್ದವು, ಇಡೀ ಲೋಡು ತೆಗೆದುಕೊಳ್ಳುವ ಗಿರಾಕಿ ಮಾತ್ರ ಆ ಬೇಕರಿಯೊಂದೇ. ಅದು ಕೈಬಿಟ್ಟರೆ ವಾರಕ್ಕೊಂದು ಲೋಡು ಮೊಟ್ಟೆಯನ್ನು ಮನೆಯವರಿಬ್ಬರು ಕೂತು ತಿನ್ನಬೇಕಾಗಿತ್ತು.

ಆ ಇಬ್ಬರಲ್ಲಿ ಇನ್ನೊಬ್ಬರು ಅಕ್ಕನ ತಮ್ಮ, ತಕ್ಕಡಿ ಸಾಹೇಬರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಅಂಗಡಿ ಅಂಗಡಿಗೆ ಹೋಗಿ ತೂಕದ ಬಟ್ಟುಗಳನ್ನು ತೂಗಿ ನೋಡಿ, ನಿವೃತ್ತರಾದ ಮೇಲೆ ಅಕ್ಕನ ಫಾರಂಗೆ ಬಂದು ಆಡಳಿತ ವಹಿಸಿಕೊಂಡವರು. ಕೋಳಿಗೆ ಮೇವು ಹಾಕುವುದು, ನೀರು ಹಿಡಿಯುವುದು, ಮೊಟ್ಟೆ ಆರಿಸುವುದು ಅಕ್ಕನ ಕೆಲಸ. ಅದನ್ನೆಲ್ಲ ಪುಸ್ತಕದಲ್ಲಿ ಬರೆಯುವುದು ಸಾಹೇಬರ ಕೆಲಸ.

ಮೊಟ್ಟೆ ಒಡೆಯುವುದಕ್ಕೆ ಕಾರಣ ಹಳೇ ಜೀಪು ಎಂದು ಇಬ್ಬರಿಗೂ ಗೊತ್ತಿತ್ತು. ಗುಡ್ಡದಿಂದ ಡಾಂಬರು ರಸ್ತೆಗೆ ಇಳಿಯುವ ಎರಡು ಕಿಲೋಮೀಟರ್ ಕಲ್ಲುದಾರಿಯಲ್ಲಿ ಅದು ಟ್ರೇಗೆ ಆರೇಳು ಮೊಟ್ಟೆ ಒಡೆಯುತ್ತಿತ್ತು. ಹೊಸ ಗಾಡಿ ತೆಗೆದುಕೊಳ್ಳುವುದು ಎಂದಾಯಿತು. ಯಾವುದು ಎಂಬಲ್ಲಿ ಮಾತು ನಿಂತಿತು. ಅಕ್ಕನಿಗೆ ಚಿಕ್ಕ ಪಿಕಪ್ ಬೇಕಿತ್ತು.

"ತಲೆ ಮೇಲೊಂದು ಸೂರು, ಪಕ್ಕದಲ್ಲಿ ಮುಚ್ಚೋಕೊಂದು ಬಾಗಿಲು. ಮಳೇಲಿ ನೆನೀದೆ ಪೇಟೆಗೆ ಹೋಗಿ ಬಂದ್ರೆ ಸಾಕು ನಂಗೆ," ಎಂದರು.

"ಅದು ಆಸೆ ಅಕ್ಕ, ಅಳತೆ ಅಲ್ಲ," ಎಂದರು ಸಾಹೇಬರು.

ಅವರ ತಲೆಯಲ್ಲಿ ಇನ್ನೊಂದು ಗಾಡಿಯೂ ಇತ್ತು. ನಾಲ್ಕೂ ಚಕ್ರಕ್ಕೆ ಎಳೆತವಿರುವ, ಸೂರಿಲ್ಲದ, ಬಾಗಿಲಿಲ್ಲದ, ಎರಡು ಸೀಟಿನ ಹಿಂದೆ ಪುಟ್ಟ ತೊಟ್ಟಿಯಿರುವ ತೋಟದ ಬಗ್ಗಿ. ಎರಡನ್ನೂ ಕರೆಸಿ, ಒಂದೇ ದಿನ ಪರೀಕ್ಷೆ ಮಾಡಿ, ಅಂಕ ಕೊಟ್ಟು ನಿರ್ಧರಿಸುವುದು ಎಂದು ತೀರ್ಮಾನಿಸಿದರು. ಕರೆಸುವ ಮುಂಚೆ ಒಂದು ಕರಾರು ಬರೆಯಬೇಕಲ್ಲ. ಅದಕ್ಕೇ ಐದು ದಿನ ಹಿಡಿಯಿತು. ಹೀಗಾಗಿ ಪರೀಕ್ಷೆ ಬಂದು ಬಿದ್ದದ್ದು ಶನಿವಾರದ ದಿನವೇ.

ಕರಾರಿನಲ್ಲಿ ನಾಲ್ಕು ಷರತ್ತುಗಳಿದ್ದವು. ಎರಡೂ ಗಾಡಿಗೆ ಅದೇ ದಾರಿ, ಅದೇ ಡ್ರೈವರ್, ಅದೇ ಹೊರೆ ಎಂಬುದು ಮೊದಲನೆಯದು. ಗೆದ್ದ ಗಾಡಿಯನ್ನು ಸ್ಥಳದಲ್ಲೇ ಬಿಟ್ಟು ಹಳೇ ಜೀಪನ್ನು ಬದಲಿಗೆ ಒಯ್ಯತಕ್ಕದ್ದು ಎಂಬುದು ಎರಡನೆಯದು. ಫಲಿತಾಂಶ ಅಂತಿಮ, ಯಾರೂ ಯಾವ ಕಾರಣಕ್ಕೂ ಮರುಪರೀಕ್ಷೆ ಕೇಳತಕ್ಕದ್ದಲ್ಲ ಎಂಬುದು ಮೂರನೆಯದು. ಸೋತ ಕಂಪನಿಯವನು ಗೋಗರೆದರೆ ತಮ್ಮ ಮನಸ್ಸು ಕರಗಬಹುದೆಂದು ಸಾಹೇಬರಿಗೆ ಭಯವಿತ್ತು, ಅದಕ್ಕೇ ಹಾಗೆ ಬರೆದಿದ್ದರು. ಪರೀಕ್ಷೆ ನಡೆಯುವಾಗ ಪರೀಕ್ಷಕರನ್ನು ಯಾರೂ ಮಾತಾಡಿಸತಕ್ಕದ್ದಲ್ಲ ಎಂಬುದು ನಾಲ್ಕನೆಯದು.

ಶನಿವಾರ ಬೆಳಿಗ್ಗೆ ಸಾಹೇಬರು ಅಡುಗೆಮನೆಯ ಮೇಜಿನ ತುದಿಯಲ್ಲಿ ತಕ್ಕಡಿ ಒರೆಸುತ್ತ ಕೂತಿದ್ದರು. ಅಕ್ಕ ಒಲೆಯ ಕೆಲಸ ಮುಗಿಸಿ ಕೋಳಿಮನೆಗೆ ಹೊರಟವರು ಬಾಗಿಲಲ್ಲಿ ನಿಂತು, ಮೇಜಿನ ಕಡೆ ಬೆರಳು ತೋರಿಸಿ ಏನೋ ಹೇಳಲು ಬಾಯಿ ತೆರೆದರು. ಸಾಹೇಬರು ಅಂಗೈ ಎತ್ತಿ ತಡೆದರು. ಪರೀಕ್ಷೆ ಇನ್ನೂ ಶುರುವಾಗಿಲ್ಲವಲ್ಲ ಎಂದರು ಅಕ್ಕ. ತಕ್ಕಡಿ ಮುಟ್ಟಿದ ಕ್ಷಣದಿಂದ ಶುರು ಎಂದರು ಸಾಹೇಬರು. ಅಕ್ಕನ ಬಕೆಟ್ಟಿಗಾಗಿ ನಾನೂರು ಕೋಳಿಗಳು ಕೂಗುತ್ತಿದ್ದವು. ಅವರು ಹೋದರು.

ಮೇಜಿನ ಮೇಲಿದ್ದ ಟ್ರೇಗಳಲ್ಲಿ ಹತ್ತಿರದ ಎರಡನ್ನು ಸಾಹೇಬರು ಎಳೆದುಕೊಂಡರು. ಟ್ರೇಗೆ ಮೂವತ್ತರಂತೆ ಅರವತ್ತು ಮೊಟ್ಟೆಗಳನ್ನೂ ಒಂದೊಂದಾಗಿ ತೂಗಿದರು, ಸುತ್ತಳತೆ ತೆಗೆದರು. ಎರಡು ಟ್ರೇಗಳ ತೂಕಕ್ಕೆ ಮೂರು ಗ್ರಾಂ ಕೂಡ ವ್ಯತ್ಯಾಸವಿರಲಿಲ್ಲ. ಇಂಥ ಸಮತೂಕ ಸರ್ವಿಸಿನಲ್ಲೇ ನೋಡಿರಲಿಲ್ಲವೆಂದು ಅವರಿಗೆ ಕಣ್ಣು ತುಂಬಿ ಬಂತು. ಎರಡನೇ ಟ್ರೇಯ ಮೊಟ್ಟೆಗಳು ಮುಟ್ಟಿದರೆ ಬೆಚ್ಚಗಿದ್ದವು. ಆಗತಾನೇ ಕೋಳಿ ಇಟ್ಟದ್ದಿರಬೇಕೆಂದು 'ತಾಜಾತನ: ಅತ್ಯುತ್ತಮ' ಎಂದು ಬರೆದುಕೊಂಡರು. ಪ್ರತಿಯೊಂದರ ಮೇಲೂ ಒಂದು ಖಾಲಿ ಟ್ರೇ ಬೋರಲು ಮುಚ್ಚಿ, ದಾರ ಕಟ್ಟಿ, ಗಂಟಿಗೆ ಅರಗು ಹಾಕಿ, ಬಿಸಿ ಅರಗಿನ ಮೇಲೆ ಹೆಬ್ಬೆರಳು ಒತ್ತಿ ಮೊಹರು ಮಾಡಿದರು. ಹೆಬ್ಬೆರಳಿಗೆ ಬೊಬ್ಬೆ ಬಂತು.

ಒಂಬತ್ತಕ್ಕೆ ಎರಡು ಕಂಪನಿಯವರೂ ಬಂದರು. ಪಿಕಪ್ ತಂದವನು ಟೈ ಕಟ್ಟಿದ್ದ, ಬಗ್ಗಿ ತಂದವನು ಟೊಪ್ಪಿ ಹಾಕಿದ್ದ. ಇಬ್ಬರೂ ಕರಾರು ಓದಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸಹಿ ಹಾಕಿದರು. ಯಾವ ಟ್ರೇ ಯಾವ ಗಾಡಿಗೆ ಎಂದು ಚೀಟಿ ಎತ್ತಿದಾಗ ಒಂದನೇ ಟ್ರೇ ಪಿಕಪ್ಪಿಗೆ ಬಂತು, ಎರಡನೆಯದು ಬಗ್ಗಿಗೆ.

ಡ್ರೈವರ್ ಬೇರೆ ಯಾರೂ ಅಲ್ಲ, ಬೇಲಿಯಾಚೆ ಮನೆಯ ಡ್ರೈವರಣ್ಣ. ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಕರೆಯದಿದ್ದರೂ ಬರುತ್ತಿದ್ದ, ಕರೆದದ್ದರಿಂದ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದಿದ್ದ.

ಆರು ಕಾಲಮ್ಮುಗಳ ಪರೀಕ್ಷೆ ಚಕಚಕನೆ ನಡೆಯಿತು. ಪಿಕಪ್ ಹನ್ನೆರಡು ಚೀಲ ಕೋಳಿ ಮೇವು ಹೊತ್ತಿತು, ಬಗ್ಗಿ ಐದಕ್ಕೇ ಹಿಂದೆ ಕುಸಿಯಿತು. ಎರಡು ಕೋಳಿಮನೆಗಳ ನಡುವಿನ ಓಣಿಯಲ್ಲಿ ಬಗ್ಗಿ ಸಲೀಸಾಗಿ ನುಗ್ಗಿತು, ಪಿಕಪ್ ಕನ್ನಡಿ ಮಡಚಿಕೊಂಡೂ ಗೋಡೆಗೆ ಉಜ್ಜಿಕೊಂಡಿತು. ನೀರಿನ ಟ್ಯಾಂಕಿನ ಬಳಿ ಬಗ್ಗಿ ನಿಂತಲ್ಲೇ ತಿರುಗಿತು, ಪಿಕಪ್ಪಿಗೆ ನಾಲ್ಕು ಸಲ ಹಿಂದೆ ಮುಂದೆ ಆಗಬೇಕಾಯಿತು. ಸೂರಿನ ಅಂಕ ಪಿಕಪ್ಪಿಗೆ ಹೋಯಿತು, ಸದ್ದಿನ ಅಂಕವೂ ಅದಕ್ಕೇ. ಬಗ್ಗಿಯ ಸದ್ದಿಗೆ ಕೋಳಿಗಳೆಲ್ಲ ಒಂದೇ ಮೂಲೆಗೆ ಹೋಗಿ ಒಂದರ ಮೇಲೊಂದು ಕೂತಿದ್ದವು. ಒದ್ದೆ ದಿಣ್ಣೆಯನ್ನು ಬಗ್ಗಿ ಏರಿತು. ಪಿಕಪ್ಪಿನ ಹಿಂದಿನ ಚಕ್ರ ಕೆಸರಲ್ಲಿ ಸುಮ್ಮನೆ ತಿರುಗಿತು. ಡ್ರೈವರಣ್ಣ ಅದನ್ನು ತಿರುಗಿಸಿ ರಿವರ್ಸ್ ಗೇರಿನಲ್ಲೇ ಮೇಲೇರಿಸಿ ಮೀಸೆ ತೀಡಿಕೊಂಡ. ಅದಕ್ಕೆ ಸಾಹೇಬರು ಅರ್ಧ ಅಂಕ ಕೊಟ್ಟರು, ಗೋಡೆ ಉಜ್ಜಿದ್ದಕ್ಕೆ ಅರ್ಧ ಕಳೆದರು. ಕೂಡಿಸಿ ನೋಡಿದರೆ ಮೂರಕ್ಕೆ ಮೂರು. ಇನ್ನು ಉಳಿದದ್ದು ಮೊಟ್ಟೆ ಮಾತ್ರ.

ಅಷ್ಟರಲ್ಲಿ ಬೇಕರಿ ಯಜಮಾನಿಯವರೂ ಪೇಟೆಯಿಂದ ಬಂದರು. ತಮ್ಮ ಚೀಟಿಯಿಂದ ಏನೇನಾಗುತ್ತಿದೆ ಎಂದು ಕಣ್ಣಾರೆ ನೋಡಬೇಕೆನಿಸಿತಂತೆ. ಅವರಿಗೊಂದು ಕುರ್ಚಿ ಹಾಕಿಸಿ, ಸಾಹೇಬರು ಮೊದಲನೇ ಟ್ರೇಯನ್ನು ಪಿಕಪ್ಪಿನ ತೊಟ್ಟಿಯ ನಟ್ಟನಡುವೆ, ನಾಲ್ಕೂ ಕಡೆಯಿಂದ ಅಳತೆ ಹಿಡಿದು ಇಟ್ಟರು. ಮೇವಿನ ಚೀಲಗಳನ್ನು ಆಗಲೇ ಇಳಿಸಿಯಾಗಿತ್ತು. ಡ್ರೈವರಣ್ಣ ತಲೆ ಕೆರೆದುಕೊಂಡ.

"ಖಾಲಿ ಪಿಕಪ್ಪು ಅಂದ್ರೆ ಖಾಲಿ ಬಸ್ಸಿದ್ದ ಹಾಗೆ ಸಾಹೇಬ್ರೆ, ಸ್ಪ್ರಿಂಗು ಕುಣಿಯುತ್ತೆ. ಒಂದು ಒಂಬತ್ತು ಹತ್ತು ಚೀಲ ಹಾಕಿ ನೋಡಿ, ಮಗು ಮಲಗಿಸಿದ್ರೂ ಏಳಲ್ಲ."

ಅದೇ ಹೊರೆ ಎಂದು ಕರಾರಿನಲ್ಲಿದೆ, ಬಗ್ಗಿಗೆ ಹತ್ತು ಚೀಲ ಹಾಕಲಾಗುವುದಿಲ್ಲ, ಆದ್ದರಿಂದ ಪಿಕಪ್ಪಿಗೂ ಇಲ್ಲ ಎಂದು ಸಾಹೇಬರು ಅಂಗೈ ಎತ್ತಿದರು. ಪಿಕಪ್ ಕಲ್ಲುದಾರಿ ಇಳಿದು, ಡಾಂಬರು ಮುಟ್ಟಿ, ಮರಳಿ ಬಂತು. ಮೊಹರು ಒಡೆದು ಎಣಿಸಿದರೆ ನಾಲ್ಕು ಮೊಟ್ಟೆ ಒಡೆದಿದ್ದವು. ಜೀಪಿಗಿಂತ ವಾಸಿ, ಆದರೂ ಎರಡು ಹೆಚ್ಚೇ ಎಂದರು ಯಜಮಾನಿ. ಟೈಯವನ ಮುಖ ಸಪ್ಪಗಾಯಿತು.

ಎರಡನೇ ಟ್ರೇ ಬಗ್ಗಿಗೆ ಏರುವ ಹೊತ್ತಿಗೆ ಅಕ್ಕ ಅಡುಗೆಮನೆಯಿಂದ ಅವಸರದಲ್ಲಿ ಬಂದರು. ಬಲಗೈಯಲ್ಲಿ ಮೊಣಕೈವರೆಗೂ ಏನೋ ಸೋರುತ್ತಿತ್ತು. "ಲೋ, ಆ ಟ್ರೇ..." ಎಂದರು. ಸಾಹೇಬರು ತಿರುಗಿಯೂ ನೋಡದೆ ಅಂಗೈ ಎತ್ತಿದರು. ಪರೀಕ್ಷೆಯ ನಡುವೆ ಪರೀಕ್ಷಕರನ್ನು ಮಾತಾಡಿಸಬಾರದಂತೆ ಎಂದು ಟೊಪ್ಪಿಯವನು ಮೆತ್ತಗೆ ಹೇಳಿದ. ಅಕ್ಕ ಕೈ ತೊಳೆಯಲು ಹೋದರು.

ಬಾಗಿಲಿಲ್ಲದ ಗಾಡಿಯನ್ನು ಇಳಿಜಾರಿನಲ್ಲಿ ಓಡಿಸಿ ಡ್ರೈವರಣ್ಣನಿಗೆ ಅಭ್ಯಾಸವಿರಲಿಲ್ಲ. ಮುಖಕ್ಕೆ ಗಾಳಿ ಬಡಿಯುತ್ತಲೇ ಅವನಿಗೆ ಇಪ್ಪತ್ತು ವರ್ಷ ಕಮ್ಮಿಯಾದ ಹಾಗಾಗಿರಬೇಕು. ಮೊದಲ ತಿರುವಿನಲ್ಲೇ ಬಗ್ಗಿ ದಾರಿ ಬಿಟ್ಟು ಬೇಲಿಗೆ ನುಗ್ಗಿತು. ಬೇಲಿಯಿಂದ ಹೊರಬಂದು ಚರಂಡಿಗೆ ಹಾರಿತು. ಚರಂಡಿಯ ಆಚೆ ದಂಡೆಗೆ ಅದು ಅಪ್ಪಳಿಸಿದಾಗ ಮೊಟ್ಟೆಯ ಟ್ರೇ ಮೊಳದೆತ್ತರ ಮೇಲೆದ್ದು ಮತ್ತೆ ತೊಟ್ಟಿಗೆ ಬಿದ್ದದ್ದು ಗುಡ್ಡದ ಮೇಲಿದ್ದವರಿಗೆಲ್ಲ ಕಂಡಿತು. ಟೊಪ್ಪಿಯವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಟೈಯವನ ಮುಖಕ್ಕೆ ಸ್ವಲ್ಪ ಕಳೆ ಬಂತು.

ಬಗ್ಗಿ ವಾಪಸು ಬಂದಾಗ ಡ್ರೈವರಣ್ಣನ ಇಸ್ತ್ರಿ ಶರಟಿನಲ್ಲಿ ಅರ್ಧ ಬೇಲಿ ಇತ್ತು. ಸಾಹೇಬರು ಮೊಹರು ಒಡೆದರು, ಮೇಲಿನ ಟ್ರೇ ಎತ್ತಿದರು. ಎಲ್ಲರೂ ಬಾಗಿ ನೋಡಿದರು. ಒಂದು ಮೊಟ್ಟೆಯೂ ಸೋರಿರಲಿಲ್ಲ. ಐದಾರಕ್ಕೆ ಚಿಪ್ಪು ಬಿರುಕು ಬಿಟ್ಟಿತ್ತು, ಆದರೆ ಹೊರಗೆ ಒಂದು ತೊಟ್ಟೂ ಬಂದಿರಲಿಲ್ಲ. ಟ್ರೇ ಒಣಗಿದ ಎಲೆಯ ಹಾಗಿತ್ತು.

ಅದೇ ನಮ್ಮ ಗಾಡಿಯ ವಿಶೇಷ, ಪೆಟ್ಟನ್ನು ಹೊರಗಡೆಯೇ ತಡೆಯುತ್ತೆ, ಒಳಗಡೆಗೆ ಬಿಡುವುದಿಲ್ಲ ಎಂದ ಟೊಪ್ಪಿಯವನು. ಹೇಳಿದ್ದು ಅವನಿಗೇ ನಂಬಿಕೆಯಾದಂತೆ ಕಾಣಲಿಲ್ಲ. ಸಾಹೇಬರು ಮಾತ್ರ ನಂಬಿದರು. ಪುಸ್ತಕದಲ್ಲಿ ಸೊನ್ನೆ ಬರೆದು, ಅದರ ಸುತ್ತ ಇನ್ನೊಂದು ಸೊನ್ನೆ ಸುತ್ತಿದರು. ಮೂವತ್ತಮೂರು ವರ್ಷದಲ್ಲಿ ಇಷ್ಟು ಸ್ವಚ್ಛವಾದ ಫಲಿತಾಂಶ ಅವರ ಕೈಯಿಂದ ಬಂದಿರಲಿಲ್ಲ. ಅಕ್ಕ ಮತ್ತೆ ಬಂದು ತೋಳು ಹಿಡಿದು ಎಳೆದಾಗ ಅವರು ಸಹಿ ಮಾಡುತ್ತಿದ್ದರು. ಎಡಗೈ ಅಂಗೈ ಎತ್ತಿ, ಬಲಗೈಯಲ್ಲಿ ಸಹಿ ಮುಗಿಸಿದರು.

ಟೊಪ್ಪಿಯವನು ತಡಮಾಡಲಿಲ್ಲ. ಬಗ್ಗಿಯ ಕೀಲಿಕೈ ಕೊಟ್ಟು ಜೀಪಿನ ಕೀಲಿಕೈ ಇಸಿದುಕೊಂಡ. ದಿನಾ ಬೆಳಿಗ್ಗೆ ಇಬ್ಬರು ತಳ್ಳಿದರೂ ಏಳದ ಆ ಜೀಪು ಅವತ್ತು ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ಗೇಟಿನ ಹತ್ತಿರ ಟೈಯವನೂ ಡ್ರೈವರಣ್ಣನೂ ತಲೆಗೆ ತಲೆ ಸೇರಿಸಿ ಏನೋ ಮಾತಾಡುತ್ತಿದ್ದರು. ಸೋತವನಿಗೆ ಡ್ರೈವರಣ್ಣ ಸಮಾಧಾನ ಹೇಳುತ್ತಿದ್ದಾನೆ, ಒಳ್ಳೆಯ ಮನುಷ್ಯ ಎಂದುಕೊಂಡರು ಸಾಹೇಬರು.

ಬೇಕರಿ ಯಜಮಾನಿಯವರಿಗೆ ಒಂದು ಅಭ್ಯಾಸವಿತ್ತು. ಯಾವ ಲೋಡಿಗೂ ಒಪ್ಪಿಗೆ ಹೇಳುವ ಮುಂಚೆ ಒಂದು ಮೊಟ್ಟೆ ಒಡೆದು ನೋಡುತ್ತಿದ್ದರು. ಒಂದು ಬಟ್ಟಲು ತರಿಸಿಕೊಂಡು, ಎರಡನೇ ಟ್ರೇಯಿಂದ ಒಂದು ಮೊಟ್ಟೆ ಎತ್ತಿ, ಅಂಚಿಗೆ ಟಕ್ ಎಂದು ಕುಟ್ಟಿ, ಒಂದೇ ಕೈಯಲ್ಲಿ ಬಿಡಿಸಿದರು. ಬಟ್ಟಲಿಗೆ ಏನೂ ಬೀಳಲಿಲ್ಲ. ಇನ್ನೊಮ್ಮೆ ಕುಟ್ಟಿದರು. ಚಿಪ್ಪು ಕಳಚಿ ಕೈಯಲ್ಲಿ ಬೆಳ್ಳಗೆ, ನುಣ್ಣಗೆ, ದುಂಡಗೆ ಹೊಳೆಯುವ ಪದಾರ್ಥವೊಂದು ಉಳಿಯಿತು. ಅದನ್ನು ತಿರುಗಿಸಿ ನೋಡಿದರು. ಅರ್ಧ ಕಚ್ಚಿದರು. ಅಗಿದರು.

"ಸ್ವಲ್ಪ ಉಪ್ಪಿದ್ಯಾ?" ಎಂದು ಅಕ್ಕನನ್ನು ಕೇಳಿದರು.

ಸಾಹೇಬರು ಪುಸ್ತಕ ಬದಿಗಿಟ್ಟರು. ಇನ್ನೊಂದು ಮೊಟ್ಟೆ ತಾವೇ ಒಡೆದರು, ಮತ್ತೊಂದು ಒಡೆದರು. ಎಲ್ಲವೂ ಹದವಾಗಿ ಬೆಂದಿದ್ದವು.

"ಬೆಳಿಗ್ಗೆಯಿಂದ ಮೂರು ಸಲ ಹೇಳೋಕೆ ಬಂದೆ," ಎಂದರು ಅಕ್ಕ. "ಮೂರು ಸಲಾನೂ ಕೈ ಎತ್ತಿದೆ."

ಬಂದವರಿಗೆಲ್ಲ ಮಧ್ಯಾಹ್ನ ಬ್ರೆಡ್ಡಿನ ಜೊತೆ ಕೊಡೋಣವೆಂದು ಅಕ್ಕ ಬೆಳಿಗ್ಗೆಯೇ ಮೂವತ್ತು ಮೊಟ್ಟೆ ಬೇಯಿಸಿದ್ದರು. ಉರುಳಿ ಬೀಳದಿರಲೆಂದು ಟ್ರೇಗೇ ಜೋಡಿಸಿ, ಆರಲೆಂದು ಅದೇ ಮೇಜಿನ ಮೇಲೆ ಇಟ್ಟಿದ್ದರು. ತೂಗಲು ಇಟ್ಟ ಎರಡು ಟ್ರೇ, ತಿನ್ನಲು ಇಟ್ಟ ಒಂದು ಟ್ರೇ, ಒಟ್ಟು ಮೂರು. ಮಧ್ಯಾಹ್ನ ಬೆಂದದ್ದೆಂದು ಸಿಪ್ಪೆ ಬಿಡಿಸಲು ಹೋದಾಗ ಹಸಿ ಮೊಟ್ಟೆ ಮೊಣಕೈವರೆಗೂ ಹರಿದಿತ್ತು. ತನಗೆ ಬೇಕಾಗಿದ್ದ ಪಿಕಪ್ಪನ್ನು ತನ್ನ ಕೈಯಾರೆ ಬೇಯಿಸಿದ ಮೊಟ್ಟೆಯೇ ಸೋಲಿಸಿತಲ್ಲ ಎಂದು ಅಕ್ಕನಿಗೆ ಅಳುವೇ ಬಂತು.

"ತೂಕ ಸರಿಯಾಗೇ ಇತ್ತಲ್ಲ," ಎಂದರು ಸಾಹೇಬರು. ದನಿ ಅವರಿಗೇ ಕೇಳಿಸದಷ್ಟು ಸಣ್ಣಗಿತ್ತು.

"ಬೇಯಿಸಿದ್ರೆ ತೂಕ ಎಲ್ಲಿಗೆ ಹೋಗುತ್ತೆ ಸಾರ್?" ಎಂದರು ಯಜಮಾನಿ.

ಮರುಪರೀಕ್ಷೆ ಆಗಲೇಬೇಕೆಂದು ಸಾಹೇಬರು ಜೀಪಿನ ಹಿಂದೆ ಓಡಿದರು. ಟೊಪ್ಪಿಯವನು ಗೇಟಿನಲ್ಲಿ ನಿಲ್ಲಿಸಿ, ಜೇಬಿನಿಂದ ಕರಾರು ತೆಗೆದು, ಮೂರನೇ ಷರತ್ತನ್ನು ಗೌರವದಿಂದ ಓದಿ ಹೇಳಿದ. ಯಾವ ಕಾರಣಕ್ಕೂ ಎಂಬ ಮಾತಿನ ಕೆಳಗೆ ಸಾಹೇಬರೇ ಎರಡು ಗೆರೆ ಎಳೆದಿದ್ದರು. ಬಹಳ ಚೆನ್ನಾಗಿ ಬರೆದಿದ್ದೀರಿ ಎಂದು ಹೊಗಳಿ ಅವನು ಹೊರಟುಹೋದ. ಪಿಕಪ್ಪನ್ನಾದರೂ ಉಳಿಸಿಕೊಳ್ಳೋಣವೆಂದು ಟೈಯವನ ಕಡೆ ತಿರುಗಿದರೆ, ಅದರ ಸ್ಟೇರಿಂಗಿನ ಮುಂದೆ ಡ್ರೈವರಣ್ಣ ಕೂತಿದ್ದ, ಮುಖದಲ್ಲಿ ಮದುಮಗನ ಕಳೆಯಿತ್ತು.

"ನಲವತ್ತು ವರ್ಷ ಬೇರೆಯವ್ರ ಗಾಡಿ ಓಡಿಸ್ದೆ ಸಾಹೇಬ್ರೆ. ನಿಮ್ಮ ಪುಸ್ತಕದಲ್ಲಿ ಇದ್ರ ಗುಣ ಎಲ್ಲಾ ಬರೆದಿತ್ತಲ್ಲ, ನೋಡ್ಕೊಂಡು ನಾನೇ ತಗೊಂಡ್ಬಿಟ್ಟೆ," ಎಂದ.

ಸಾಹೇಬರು ಕೊನೆಯ ಆಸೆಯಿಂದ ಒಂದು ಹಸಿ ಮೊಟ್ಟೆ ಟ್ರೇ ಇಟ್ಟುಕೊಂಡು ಬಗ್ಗಿಯನ್ನು ತಾವೇ ಇಳಿಸಿ ನೋಡಿದರು, ತುಂಬಿದ ಕೊಡ ಹೊತ್ತವರ ಹಾಗೆ, ನಡಿಗೆಯ ವೇಗದಲ್ಲಿ. ಎರಡನೇ ತಿರುವು ದಾಟುವಷ್ಟರಲ್ಲಿ ಹನ್ನೊಂದು ಒಡೆದವು. ಜೀಪೇ ವಾಸಿಯಾಗಿತ್ತು. ಅದಾಗಲೇ ಡಾಂಬರು ರಸ್ತೆಯಲ್ಲಿ ಹೊಗೆಯೆಬ್ಬಿಸುತ್ತ ಹೋಗುತ್ತಿತ್ತು.

ಯಜಮಾನಿ ಗಡಿಯಾರ ನೋಡಿಕೊಂಡರು. ಆರು ಗಂಟೆಗೆ ಲೋಡು ಬೇಕು, ಟ್ರೇಗೆ ಎರಡೇ, ಮೂರಾದರೆ ಮುಗಿಯಿತು ಎಂದು ಹೇಳಿ ಎದ್ದರು. ಅಕ್ಕ ಡ್ರೈವರಣ್ಣನ ಮುಖ ನೋಡಿದರು. ಅವನು ತಕ್ಷಣ ಒಪ್ಪಿದ, ಆದರೆ ಗಾಡಿ ಕುಣಿಯದಿರಲು ಹತ್ತು ಚೀಲದ ಭಾರ ಬೇಕೇ ಬೇಕು ಎಂದ. ಪರೀಕ್ಷೆಗೆ ಇಳಿಸಿ ಏರಿಸಿ ಮಾಡುವಾಗ ಹನ್ನೆರಡರಲ್ಲಿ ಮೂರು ಚೀಲ ಹರಿದು ಕೋಳಿಗಳ ಪಾಲಾಗಿದ್ದವು, ಇನ್ನೊಂದು ಅರ್ಧಕ್ಕೆ ಬಂದಿತ್ತು. ಉಳಿದದ್ದು ಎಂಟೂವರೆ ಚೀಲ.

"ಇನ್ನೂ ಒಂದೂವರೆ ಚೀಲ ಕಮ್ಮಿ. ಅಂದ್ರೆ ಎಪ್ಪತ್ತೈದು ಕೆಜಿ," ಎಂದ ಡ್ರೈವರಣ್ಣ. ಎಲ್ಲರೂ ಸುತ್ತಮುತ್ತ ನೋಡಿದರು. ನೋಡಿ ನೋಡಿ ಎಲ್ಲರ ಕಣ್ಣೂ ಒಂದೇ ಕಡೆ ನಿಂತವು.

ಕೋಳಿಮನೆಯ ದೊಡ್ಡ ತಕ್ಕಡಿಯ ಮೇಲೆ ಸಾಹೇಬರನ್ನು ನಿಲ್ಲಿಸಲಾಯಿತು. ಎಪ್ಪತ್ತೆರಡು ಕೆಜಿ. ಇನ್ನೂ ಮೂರು ಕೆಜಿ ಕಮ್ಮಿ ಎಂದು ಡ್ರೈವರಣ್ಣ ಅವರ ಕೈಗೊಂದು ಇಟ್ಟಿಗೆ ಕೊಟ್ಟ. ಮುಳ್ಳು ಸರಿಯಾಗಿ ಎಪ್ಪತ್ತೈದಕ್ಕೆ ನಿಂತಿತು. ಸಾಹೇಬರು ಅಭ್ಯಾಸಬಲದಿಂದ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡರು.

ನಾಲ್ಕೂವರೆಗೆ ಪಿಕಪ್ ಹೊರಟಿತು. ಮುಂದಿನ ಸೀಟಿನಲ್ಲಿ ಅಕ್ಕ ಬಾಗಿಲು ಹಾಕಿಕೊಂಡು, ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತರು. ಹಿಂದಿನ ತೊಟ್ಟಿಯಲ್ಲಿ ಎಂಟೂವರೆ ಚೀಲ, ಇಪ್ಪತ್ತು ಟ್ರೇ, ಮಡಿಲಲ್ಲಿ ಇಟ್ಟಿಗೆ ಇಟ್ಟುಕೊಂಡ ಸಾಹೇಬರು. ಕಲ್ಲುದಾರಿಯ ಮೇಲೆ ಗಾಡಿ ತೊಟ್ಟಿಲಿನ ಹಾಗೆ ಇಳಿಯಿತು. ಡ್ರೈವರಣ್ಣ ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಅದೇ ಸಾಹೇಬರನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿತು.

ಡಾಂಬರು ಸೇರುವಷ್ಟರಲ್ಲಿ ಮಳೆ ಶುರುವಾಯಿತು. ತಾರ್ಪಾಲು ಇದ್ದದ್ದು ಒಂದೇ, ಅದನ್ನು ಮೊಟ್ಟೆಗೆ ಹೊದಿಸಿಯಾಗಿತ್ತು. ಸಾಹೇಬರು ಹಿಂದಿನ ಗಾಜು ತಟ್ಟಿದರು. ಮುಂದೆ ಇನ್ನೊಬ್ಬರಿಗೆ ಸರಿಯಾಗಿ ಜಾಗವಿದೆ, ಇಟ್ಟಿಗೆಯನ್ನು ಇಲ್ಲೇ ಇಟ್ಟು ತಾವೂ ಒಳಗೆ ಬರಬಹುದೇ ಎಂದು ಕೇಳುವುದಿತ್ತು. ಮತ್ತೆ ತಟ್ಟಿದರು. ಅಕ್ಕ ಹಿಂತಿರುಗಿ ನೋಡಲಿಲ್ಲ. ಗಾಜಿನಾಚೆ ಅವರ ಅಂಗೈ ಮಾತ್ರ ಮೇಲೆದ್ದಿತು.

ಬೇಕರಿಯಲ್ಲಿ ಇಪ್ಪತ್ತು ಟ್ರೇಗಳನ್ನೂ ಬಿಚ್ಚಿ ನೋಡಲಾಯಿತು. ಒಡೆದದ್ದು ಒಟ್ಟು ಒಂದು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಯಜಮಾನಿ ಸಂತೋಷದಿಂದ ಒಂದು ಚೀಟಿ ಬರೆದು, ಬಾಗಿಲಲ್ಲಿ ತೊಟ್ಟಿಕ್ಕುತ್ತ ನಿಂತಿದ್ದ ಸಾಹೇಬರ ಕೈಗೆ ಕೊಟ್ಟರು. 'ಮೊಟ್ಟೆ ಸರಿಯಾಗಿ ತಲುಪಿದೆ. ಇನ್ನು ಮೇಲೆ ಪ್ರತಿ ಶನಿವಾರ ಇದೇ ಗಾಡಿ, ಇದೇ ಡ್ರೈವರ್, ಇದೇ ಲೋಡು. ಏನನ್ನೂ ಬದಲಾಯಿಸಬಾರದು.'

ಸಾಹೇಬರು ಎರಡು ಸಲ ಓದಿದರು. ಷರತ್ತು ಸ್ಪಷ್ಟವಾಗಿತ್ತು, ಎಲ್ಲೂ ತಪ್ಪು ಹಿಡಿಯುವ ಹಾಗಿರಲಿಲ್ಲ. ಡ್ರೈವರಣ್ಣ ಅವರ ಭುಜದ ಮೇಲಿಂದ ಇಣುಕಿ ತಾನೂ ಓದಿಕೊಂಡ.

"ಇಟ್ಟಿಗೆ ಜೋಪಾನ ಸಾಹೇಬ್ರೆ," ಎಂದ. "ಮುಂದಿನ ವಾರಕ್ಕೂ ಬೇಕು."